ಪಿಲಿಕುಳದ ಪ್ರಾಣಿಪಾಲಕರು: ದಿನನಿತ್ಯದ ದುಡಿಮೆಯ ಒಂದು ಚರಿತ್ರೆ

ಸಂಸ್ಥೆಯೊಂದರ ಚರಿತ್ರೆ ಬರೆಯಲು ಕೂತರೆ ಮೊದಲು ಕೈಗೆ ಸಿಗುವುದು ಶಂಕುಸ್ಥಾಪನೆಯ ದಿನಾಂಕ, ಉದ್ಘಾಟಕರ ಹೆಸರು, ಅನುದಾನದ ಮೊತ್ತ. ಅವೆಲ್ಲ ಬೇಕಾದವೇ. ಆದರೆ ಪ್ರಾಣಿಗಳನ್ನು ಸಾಕುವ ಸಂಸ್ಥೆಗೆ ಇನ್ನೊಂದು ಚರಿತ್ರೆಯೂ ಇರುತ್ತದೆ. ಪ್ರತಿದಿನ ನಸುಕಿನಲ್ಲಿ ಹೊಸದಾಗಿ ಶುರುವಾಗಿ, ಸಂಜೆ ಕೊನೆಯ ಬಾಗಿಲಿಗೆ ಬೀಗ ಬಿದ್ದ ಮೇಲೆ ಆ ದಿನದ ಮಟ್ಟಿಗೆ ಮುಗಿಯುವ ಚರಿತ್ರೆ ಅದು. ಕೀಪರ್‌ಗಳ ದಿನಚರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದು ದಾಖಲಾಗುವುದಿಲ್ಲ.

ಮಂಗಳೂರಿನ ಮೂಡುಶೆಡ್ಡೆಯಲ್ಲಿರುವ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮದ ಜೈವಿಕ ಉದ್ಯಾನಕ್ಕೆ ರಜೆಯ ದಿನ ಸಂಸಾರ ಸಮೇತ ಬರುವವರು ಹುಲಿ ನೋಡುತ್ತಾರೆ, ಸಿಂಹ ನೋಡುತ್ತಾರೆ, ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿ ಮನೆಗೆ ಹೊರಡುತ್ತಾರೆ. ಆ ಹುಲಿ ಆರೋಗ್ಯವಾಗಿ ಅಲ್ಲಿ ನಿಂತಿರಬೇಕಾದರೆ ಬೆಳಗಿನಿಂದ ಎಷ್ಟು ಮಂದಿ ದುಡಿದಿದ್ದಾರೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಪ್ರಾಣಿಯನ್ನು ಪಾರುಮಾಡಿದ್ದು ಒಂದು ದಿನದ ಸುದ್ದಿ. ಪಾರಾದದ್ದನ್ನು ಸಾಕುವುದು ಅದರ ಆಯುಷ್ಯವಿಡೀ ನಡೆಯಬೇಕಾದ ಕೆಲಸ. ಆ ಎರಡನೆಯ ಕೆಲಸದ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ಕದ್ರಿ ಗುಡ್ಡದಿಂದ ಮೂಡುಶೆಡ್ಡೆಗೆ

ಮಂಗಳೂರಿನ ಹಿರಿಯರಿಗೆ ಪ್ರಾಣಿ ನೋಡುವುದೆಂದರೆ ಕದ್ರಿ ಪಾರ್ಕಿಗೆ ಹೋಗುವುದು. ಅಲ್ಲಿ ಪುಟಾಣಿ ರೈಲಿತ್ತು, ಬೇಲಿಯೊಳಗೆ ಜಿಂಕೆಗಳಿದ್ದವು. ನಗರ ಬೆಳೆದಂತೆ ಆ ಜಾಗ ಪ್ರಾಣಿಗಳಿಗೆ ಇಕ್ಕಟ್ಟಾಯಿತು. 1991ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, ಮರುವರ್ಷ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದ ಮೇಲೆ, ಎಲ್ಲೆಂದರಲ್ಲಿ ನಾಲ್ಕು ಪಂಜರ ಇಟ್ಟು ಮೃಗಾಲಯ ಎನ್ನುವ ಕಾಲ ಮುಗಿಯಿತು. ಒಂದು ಜೊತೆ ಹುಲಿಗೆ ಹೊರಾಂಗಣವೇ ಕನಿಷ್ಠ 1,000 ಚದರ ಮೀಟರ್, ಒಂದು ಜೊತೆ ಚಿರತೆಗೆ 500 ಚದರ ಮೀಟರ್ ಇರಬೇಕು, ವೈದ್ಯರಿರಬೇಕು, ಹೊಸದಾಗಿ ಬಂದ ಪ್ರಾಣಿಯನ್ನು ಬೇರೆಯಾಗಿ ಇಡುವ ಕೋಣೆ ಇರಬೇಕು ಎಂಬ ನಿಯಮಗಳು ಬಂದವು. ಕದ್ರಿಯ ಪ್ರಾಣಿಗಳು ಕಾಲಾನಂತರ ಪಿಲಿಕುಳಕ್ಕೆ ಸ್ಥಳಾಂತರಗೊಂಡವು.

ಪಿಲಿಕುಳ ರೂಪು ತಳೆದದ್ದು ತೊಂಬತ್ತರ ದಶಕದಲ್ಲಿ, ದಕ್ಷಿಣ ಕನ್ನಡ ಜಿಲ್ಲಾಡಳಿತದ ಯೋಜನೆಯಾಗಿ. ಆಗ ಜಿಲ್ಲಾಧಿಕಾರಿಯಾಗಿದ್ದ ಭರತ್‌ಲಾಲ್ ಮೀನಾ ಅವರ ಕನಸಿಗೆ ಅಧಿಕಾರಿಗಳ, ನಾಗರಿಕರ ದೊಡ್ಡ ಬಳಗವೇ ಕೈಜೋಡಿಸಿತು. ನಿಸರ್ಗಧಾಮದ ಕಾರ್ಯನಿರ್ವಾಹಕ ನಿರ್ದೇಶಕರಾಗಿ ದುಡಿದ ಜೆ.ಆರ್. ಲೋಬೊ ಮುಂದೆ ಮಂಗಳೂರು ದಕ್ಷಿಣದ ಶಾಸಕರೂ ಆದರು. ಗುರುಪುರ ನದಿಯ ಆಸುಪಾಸಿನ ಮುರಕಲ್ಲಿನ ನೆಲದಲ್ಲಿ, ಸುಮಾರು 370 ಎಕರೆ ವಿಸ್ತಾರದಲ್ಲಿ, ಕೆರೆ, ಪಶ್ಚಿಮ ಘಟ್ಟದ ಮರಗಳ ಸಸ್ಯಕಾಶಿ, ಗುತ್ತಿನ ಮನೆ, ಕುಶಲಕರ್ಮಿಗಳ ಗ್ರಾಮ, ಜೈವಿಕ ಉದ್ಯಾನ ಒಂದೊಂದಾಗಿ ಎದ್ದು ನಿಂತವು. ಪ್ರಾದೇಶಿಕ ವಿಜ್ಞಾನ ಕೇಂದ್ರ ಬಂತು. 2018ರಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ತೆರೆಯಿತು.

ನಿಸರ್ಗಧಾಮಕ್ಕೆ ಶಿವರಾಮ ಕಾರಂತರ ಹೆಸರಿಟ್ಟದ್ದು ಬರಿಯ ಗೌರವದ ಮಾತಾಗಿರಲಿಲ್ಲ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದವರು, ಪುತ್ತೂರಿನಲ್ಲಿ ಬಾಲವನ ಕಟ್ಟಿದವರು, ಕೈಗಾ ಅಣುಸ್ಥಾವರದ ವಿರುದ್ಧ ಇಳಿವಯಸ್ಸಿನಲ್ಲೂ ಬೀದಿಗಿಳಿದವರು ಅವರು. ಮಗು ಪುಸ್ತಕದಿಂದ ತಲೆಯೆತ್ತಿ ಪ್ರಾಣಿಯನ್ನು ಕಣ್ಣಾರೆ ನೋಡಬೇಕು ಎಂಬುದು ಅವರ ಶಿಕ್ಷಣ ವಿಚಾರದ ತಿರುಳು. ಅವರ ಮಗ ಕೆ. ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳ ಅಧ್ಯಯನದಿಂದ ಜಗತ್ತಿಗೇ ಪರಿಚಿತರು. ಕರಾವಳಿಯ ಮನೆತನವೊಂದರ ಎರಡು ತಲೆಮಾರಿನ ನಿಸರ್ಗಪ್ರೀತಿ ಪಿಲಿಕುಳದ ಹೆಸರಿನ ಹಿಂದಿದೆ.

ಜೈವಿಕ ಉದ್ಯಾನಕ್ಕೆ ದೀರ್ಘಕಾಲ ನಿರ್ದೇಶಕರಾಗಿದ್ದವರು ಎಚ್. ಜಯಪ್ರಕಾಶ್ ಭಂಡಾರಿ. ಹುಲಿ, ಸಿಂಹ, ಚಿರತೆ, ಕರಡಿ, ಸೀಳುನಾಯಿ, ಕಡವೆ, ಮೊಸಳೆ, ಹೆಬ್ಬಾವು, ಕಾಳಿಂಗ ಸರ್ಪ ಮೊದಲಾದವುಗಳ ಜೊತೆಗೆ ಜಿಲ್ಲೆಯ ಮೂಲೆಮೂಲೆಗಳಿಂದ ಗಾಯಗೊಂಡು, ದಾರಿತಪ್ಪಿ, ತಾಯಿ ಸತ್ತು ಬರುವ ಕಾಡುಪ್ರಾಣಿಗಳಿಗೂ ಪಿಲಿಕುಳ ಆಸರೆಯಾಯಿತು. ಮೃಗಾಲಯವಾಗಿ ಹುಟ್ಟಿದ ಜಾಗ ಊರಿನ ಅಗತ್ಯದಿಂದಾಗಿ ಆಸ್ಪತ್ರೆಯೂ ಅನಾಥಾಲಯವೂ ಆಯಿತು.

ಬೆಳಗಿನ ಲೆಕ್ಕ

ಮೃಗಾಲಯದ ದಿನ ಶುರುವಾಗುವುದು ಲೆಕ್ಕದಿಂದ. ಟಿಕೆಟ್ ಕೌಂಟರ್ ತೆರೆಯುವುದಕ್ಕೆ ಬಹಳ ಮೊದಲೇ ಪ್ರತಿಯೊಬ್ಬ ಕೀಪರ್ ತನ್ನ ಪಾಲಿನ ಮನೆಗಳ ಮುಂದೆ ನಿಂತು, ನಿನ್ನೆ ಸಂಜೆ ಒಳಗೆ ಬಿಟ್ಟಷ್ಟೂ ಪ್ರಾಣಿಗಳು ಇವೆಯೇ ಎಂದು ಎಣಿಸುತ್ತಾನೆ. ಎಣಿಸುವುದರ ಜೊತೆಗೆ ನೋಡುವುದೂ ನಡೆಯುತ್ತದೆ. ಕೂಗಿ ಕರೆದ ಕೂಡಲೇ ಹುಲಿ ಎದ್ದಿತೇ, ಮೂಲೆಯಲ್ಲೇ ಮುದುಡಿದೆಯೇ? ಹಿಂಗಾಲು ಊರುತ್ತಿದೆಯೇ? ರಾತ್ರಿಯ ಮಾಂಸ ಎಷ್ಟು ಉಳಿದಿದೆ? ನೀರಿನ ತೊಟ್ಟಿ ಎಷ್ಟು ಇಳಿದಿದೆ? ಲದ್ದಿ ಗಟ್ಟಿಯೋ, ತೆಳುವೋ, ಅದರಲ್ಲಿ ಹುಳು ಇದೆಯೋ?

ಕಾಡುಪ್ರಾಣಿ ತನ್ನ ನೋವನ್ನು ಆದಷ್ಟು ಬಚ್ಚಿಡುತ್ತದೆ. ಕಾಡಿನಲ್ಲಿ ಸೋತಂತೆ ಕಂಡರೆ ಉಳಿಗಾಲವಿಲ್ಲ ಎಂಬುದು ಅದಕ್ಕೆ ರಕ್ತಗತ. ಹಾಗಾಗಿ ಕಾಯಿಲೆ ಕಣ್ಣಿಗೆ ಕಾಣುವಷ್ಟಾದಾಗ ಅದು ಬಹಳ ಮುಂದೆ ಹೋಗಿರುತ್ತದೆ. ವೈದ್ಯರಿಗಿಂತ ಮೊದಲು ಅನುಮಾನ ಬರಬೇಕಾದದ್ದು ಕೀಪರ್‌ಗೆ. “ಸರ್, ಇದು ಇವತ್ತು ಯಾಕೋ ಸರಿ ಇಲ್ಲ ಮಾರಾಯ್ರೆ” ಎಂದು ಆತ ಹೇಳುವ ಒಂದು ಮಾತಿನ ಮೇಲೆ ಎಷ್ಟೋ ಸಲ ಚಿಕಿತ್ಸೆ ಶುರುವಾಗುತ್ತದೆ. ಹತ್ತು ವರ್ಷ ಒಂದೇ ಪ್ರಾಣಿಯ ಜೊತೆ ಕಳೆದವನ ಆ “ಯಾಕೋ” ಎಂಬುದನ್ನು ಒಳ್ಳೆಯ ವೈದ್ಯರು ಎಂದೂ ತಳ್ಳಿಹಾಕುವುದಿಲ್ಲ.

ಲೆಕ್ಕ ಮುಗಿದ ಮೇಲೆ ಬಾಗಿಲುಗಳ ಕೆಲಸ. ಹುಲಿ, ಚಿರತೆ, ಕರಡಿಯಂಥವು ಇರುವಲ್ಲಿ ಮನುಷ್ಯನೂ ಪ್ರಾಣಿಯೂ ಒಂದೇ ಆವರಣದಲ್ಲಿ ಎಂದೂ ಇರಕೂಡದು. ಹೊರಾಂಗಣದ ಬೇಲಿ, ಗೇಟು, ಬೀಗ ಎಲ್ಲ ಸರಿಯಿದೆಯೆಂದು ಸುತ್ತಿ ನೋಡಿ ಹೊರಗೆ ಬಂದ ಮೇಲೆಯೇ ಒಳಗಿನ ಸರಳುಬಾಗಿಲನ್ನು ದೂರದಿಂದ ಎಳೆದು ಪ್ರಾಣಿಯನ್ನು ಬಿಡುವುದು. ಅದು ಹೊರಗೆ ಹೋಯಿತೆಂದು ಕಣ್ಣಾರೆ ಕಂಡು, ಬಾಗಿಲು ಇಳಿಸಿ, ಬೀಗ ಜಗ್ಗಿ ನೋಡಿ, ಆಮೇಲೆ ರಾತ್ರಿಯ ಕೋಣೆಗೆ ಕಾಲಿಡಬೇಕು. ವರ್ಷಕ್ಕೆ 365 ದಿನವೂ ಇದೇ ಕ್ರಮ. ಒಂದು ದಿನ ಅಭ್ಯಾಸಬಲದಿಂದ ಒಂದು ಹೆಜ್ಜೆ ಬಿಟ್ಟುಹೋದರೆ ಜೀವಕ್ಕೇ ಬರುತ್ತದೆ. ಒಳಗೆ ಹೋಗುವ ಮೊದಲು ಪರ್ಮಾಂಗನೇಟ್ ನೀರಿನಲ್ಲಿ ಬೂಟು ಅದ್ದಬೇಕು. ಆಮೇಲೆ ನೆಲ ಉಜ್ಜುವುದು, ತೊಟ್ಟಿ ತೊಳೆಯುವುದು, ಹುಲ್ಲು ಬದಲಿಸುವುದು.

ಮಂಗಳೂರಿನ ಮಳೆಗಾಲದಲ್ಲಿ ಈ ಕೆಲಸ ಎರಡು ಪಟ್ಟು. ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲ ಒಣಗುವುದೇ ಇಲ್ಲ. ಒದ್ದೆ ನೆಲದಲ್ಲಿ ಜಿಂಕೆಗಳ ಗೊರಸು ಕೊಳೆಯುತ್ತದೆ, ನೊಣ ಕೂತ ಗಾಯದಲ್ಲಿ ಹುಳು ಬೀಳುತ್ತದೆ, ಎಲ್ಲ ಕಡೆ ಪಾಚಿ. ಮಾರ್ಚ್ ಬಂತೆಂದರೆ ಸೆಕೆ. ಕರಡಿ, ಹುಲಿಗಳಿಗೆ ನೀರಿನ ಕೊಳ ತುಂಬಿರಬೇಕು, ನೆರಳು ಸಾಕಷ್ಟಿರಬೇಕು.

ಅಡುಗೆಮನೆ

ಮೃಗಾಲಯದ ಅಡುಗೆಮನೆಯಲ್ಲಿ ತಕ್ಕಡಿಗೇ ಮೊದಲ ಸ್ಥಾನ. ಯಾವ ಪ್ರಾಣಿಗೆ ಯಾವ ಋತುವಿನಲ್ಲಿ ಏನು, ಎಷ್ಟು ಗ್ರಾಂ ಎಂಬ ಪಟ್ಟಿ ಗೋಡೆಯ ಮೇಲಿರುತ್ತದೆ. ಬೆಳೆದ ಹುಲಿಗೆ ದಿನಕ್ಕೆ ಎಂಟು-ಹತ್ತು ಕಿಲೋ ಮಾಂಸ, ಅದೂ ಮೂಳೆ ಸಹಿತ. ಮೂಳೆಯಿಲ್ಲದ ಮಾಂಸವನ್ನೇ ತಿಂದು ಬೆಳೆದ ಮರಿಗೆ ಸುಣ್ಣದ ಅಂಶ ಸಾಲದೆ ಕಾಲು ಸೊಟ್ಟಗಾಗುತ್ತದೆ. ಮಾಂಸಾಹಾರಿಗಳಿಗೆ ವಾರಕ್ಕೊಂದು ದಿನ ಉಪವಾಸ. ಕಾಡಿನಲ್ಲಿ ಅವಕ್ಕೆ ದಿನಾ ಬೇಟೆ ಸಿಗುವುದಿಲ್ಲವಾದ್ದರಿಂದ ಹೊಟ್ಟೆಗೆ ಆ ಬಿಡುವು ಒಗ್ಗುತ್ತದೆ. ಕರಡಿಗೆ ಗಂಜಿ, ಹಣ್ಣು, ಜೇನು. ನಮ್ಮೂರಿನಲ್ಲಿ ಹಲಸಿನ ಕಾಲ ಬಂದರೆ ಕರಡಿಗಳಿಗೂ ಹಬ್ಬ. ಜಿಂಕೆ, ಕಡವೆಗೆ ಹಸಿಹುಲ್ಲು, ಸೊಪ್ಪು. ಮಳೆಯಲ್ಲಿ ತೊಯ್ದ ಎಳೆಹುಲ್ಲನ್ನೇ ಹೊಟ್ಟೆ ತುಂಬ ಕೊಟ್ಟರೆ ಹೊಟ್ಟೆಯುಬ್ಬರ ಬರುವ ಭಯ, ಆದ್ದರಿಂದ ಒಣಹುಲ್ಲು ಬೆರೆಸಬೇಕು. ಮೀನು ತಿನ್ನುವ ಪ್ರಾಣಿಗಳಿಗೆ ಬಂದರು ಪಟ್ಟಣದಲ್ಲಿ ಮೀನಿಗೇನು ಕೊರತೆ ಎನ್ನಬಹುದು. ಆದರೆ ಜೂನ್ 1ರಿಂದ ಜುಲೈ 31ರ ತನಕ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ ದಕ್ಕೆಯೇ ಖಾಲಿ, ಸಿಕ್ಕ ಮೀನಿಗೆ ಬಂಗಾರದ ಬೆಲೆ.

ಹೊಟ್ಟೆ ತುಂಬಿದರೆ ಸಾಲದು, ಹೊತ್ತೂ ಹೋಗಬೇಕು. ಕಾಡಿನ ಕರಡಿ ದಿನದ ಬಹುಪಾಲನ್ನು ಗೆದ್ದಲು ಅಗೆಯುವುದರಲ್ಲಿ, ಹಣ್ಣು ಹುಡುಕುವುದರಲ್ಲಿ ಕಳೆಯುತ್ತದೆ. ತಟ್ಟೆಯಲ್ಲಿಟ್ಟು ಕೊಟ್ಟರೆ ಹತ್ತು ನಿಮಿಷದಲ್ಲಿ ಊಟ ಮುಗಿಯಿತು. ಉಳಿದ ಹೊತ್ತೆಲ್ಲ ಅದೇ ಬೇಲಿಯ ಉದ್ದಕ್ಕೆ ಹೋಗಿ ಬಂದು, ತಲೆ ಆಡಿಸಿ ಆಡಿಸಿ ಮನಸ್ಸು ಕೆಡುತ್ತದೆ. ಅದಕ್ಕಾಗಿ ಮರದ ದಿಮ್ಮಿಗೆ ತೂತು ಕೊರೆದು ಜೇನು ಸುರಿಯುವುದು, ಹಣ್ಣನ್ನು ಕಲ್ಲಿನ ಸಂದಿಯಲ್ಲಿ ಅಡಗಿಸುವುದು, ಮಸಾಲೆಯ ವಾಸನೆ ಹಚ್ಚಿದ ಗೋಣಿಚೀಲವನ್ನು ಚಿರತೆಯ ಅಂಗಳದಲ್ಲಿ ಎಸೆಯುವುದು. ಸಂದರ್ಶಕರಿಗೆ ಇದು ಆಟದಂತೆ ಕಾಣುತ್ತದೆ. ಪ್ರಾಣಿಗೆ ಇದು ಔಷಧದಷ್ಟೇ ಮುಖ್ಯ.

ಬಾವಿ ಮತ್ತು ಉರುಳು

ದಕ್ಷಿಣ ಕನ್ನಡದಲ್ಲಿ ಕಾಡು ಎಲ್ಲಿ ಮುಗಿದು ತೋಟ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಅಡಿಕೆ ತೋಟ, ಗುಡ್ಡ, ರಬ್ಬರ್, ಮನೆ, ಹೊಳೆ ಎಲ್ಲ ಒಂದರೊಳಗೊಂದು ಬೆಸೆದುಕೊಂಡಿವೆ. ರಾತ್ರಿ ನಾಯಿಯನ್ನೋ ಕೋಳಿಯನ್ನೋ ಅಟ್ಟಿಕೊಂಡು ಬಂದ ಚಿರತೆ ಕಟ್ಟೆಯಿಲ್ಲದ ತೋಟದ ಬಾವಿಗೆ ಬೀಳುತ್ತದೆ. ಬೆಳಿಗ್ಗೆ ನೀರಿಗೆ ಹೋದವರು ನೋಡಿ ಬೊಬ್ಬೆ ಹಾಕುತ್ತಾರೆ. ಅರ್ಧ ಗಂಟೆಯಲ್ಲಿ ಊರಿಗೆ ಊರೇ ಬಾವಿಯ ಸುತ್ತ ಸೇರುತ್ತದೆ.

2023ರ ಫೆಬ್ರವರಿಯಲ್ಲಿ ನಿಡ್ಡೋಡಿಯಲ್ಲಿ ನಡೆದದ್ದನ್ನು ಜಿಲ್ಲೆ ಮರೆಯುವಂತಿಲ್ಲ. ಬಾವಿಗೆ ಬಿದ್ದ ಚಿರತೆ ಇಳಿಸಿದ ಬೋನಿಗೆ ಹತ್ತದೆ ಒಳಗಿನ ಪೊಟರೆಯಲ್ಲಿ ಅಡಗಿತ್ತು. ಚಿಟ್ಟೆಪಿಲಿ ಎಂಬ ವನ್ಯಜೀವಿ ರಕ್ಷಣಾ ತಂಡದ ಪಶುವೈದ್ಯೆ ಡಾ. ಮೇಘನಾ ಪೆಮ್ಮಯ್ಯ ಅರಿವಳಿಕೆಯ ಬಂದೂಕು ಹಿಡಿದು ತಾವೇ ಬೋನಿನೊಳಗೆ ಕೂತು ಬಾವಿಗಿಳಿದರು, ಚಿರತೆಗೆ ಚುಚ್ಚುಮದ್ದು ಹೊಡೆದರು, ಅದು ಪ್ರಜ್ಞೆ ತಪ್ಪಿದ ಮೇಲೆ ಬೋನಿನೊಂದಿಗೇ ಮೇಲೆ ತಂದರು. ಆ ದೃಶ್ಯವನ್ನು ದೇಶವೆಲ್ಲ ನೋಡಿತು, ಮೆಚ್ಚಿತು.

ಮೆಚ್ಚುವುದರ ಜೊತೆಗೆ ತಿಳಿಯಬೇಕಾದದ್ದೂ ಇದೆ. ಗಾಯವಿಲ್ಲದ ಚಿರತೆಗೆ ಅತ್ಯುತ್ತಮ ಚಿಕಿತ್ಸೆ ಎಂದರೆ ಆದಷ್ಟು ಬೇಗ ಕಾಡು. ಜನ ದೂರ ಸರಿದು ನಿಂತರೆ, ಒಂದು ಏಣಿಯನ್ನೋ ಅಡಿಕೆ ಮರವನ್ನೋ ಇಳಿಸಿಟ್ಟು ರಾತ್ರಿ ಕಾದರೆ, ಎಷ್ಟೋ ಚಿರತೆಗಳು ತಾವೇ ಹತ್ತಿ ಹೋಗುತ್ತವೆ. ಸಮಸ್ಯೆ ಬರುವುದು ಉರುಳಿಗೆ ಬಿದ್ದವುಗಳಲ್ಲಿ. ಹಂದಿಗೆಂದು ಬೇಲಿಯಲ್ಲಿ ಇಟ್ಟ ತಂತಿಯ ಉರುಳು ಚಿರತೆಯ ಸೊಂಟಕ್ಕೆ ಬಿಗಿಯುತ್ತದೆ. ಬಿಡಿಸಿಕೊಳ್ಳಲು ಜಗ್ಗಿದಷ್ಟೂ ತಂತಿ ಒಳಗಿಳಿಯುತ್ತದೆ. ಬೋನಿನ ಸರಳು ಕಚ್ಚಿ ಕೋರೆಹಲ್ಲು ಮುರಿದುಕೊಂಡದ್ದು, ಒಂದು ಕಾಲು ಊನವಾದದ್ದು ಮರಳಿ ಕಾಡಿಗೆ ಹೋದರೆ ಬೇಟೆಯಾಡಿ ಬದುಕಲಾರದು. ಅಂಥವು ಆಸರೆಯ ಮನೆಗೆ ಬರುತ್ತವೆ. ಬಾವಿಯಿಂದ ಎತ್ತಿದ ಕೆಲಸ ಒಂದು ದಿನದ್ದಾದರೆ, ಅದಕ್ಕೆ ಮುಂದಿನ ಹತ್ತು-ಹದಿನೈದು ವರ್ಷ ಮಾಂಸ ಕತ್ತರಿಸಿ ಕೊಡುವುದು, ಜಂತುಹುಳಕ್ಕೆ ಮದ್ದು ಹಾಕುವುದು, ಮುಪ್ಪಿನಲ್ಲಿ ಮೂತ್ರಪಿಂಡ ಸೋತಾಗ ನೋಡಿಕೊಳ್ಳುವುದು ಯಾರೂ ಚಿತ್ರೀಕರಿಸದ ಕೆಲಸ.

ಅಂಗೈಯಷ್ಟು ಮರಿ

ಮಳೆಗಾಲದ ಗಾಳಿಗೆ ಮರ ಉರುಳಿದಾಗ ಅಥವಾ ಹಳೆಯ ಮನೆಯ ಅಟ್ಟ ಬಿಚ್ಚಿದಾಗ ಕಬ್ಬೆಕ್ಕಿನ ಮರಿ, ಕಣಜಗೂಬೆಯ ಮರಿ, ಅಳಿಲಿನ ಮರಿ ಸಿಗುತ್ತವೆ. ತಂದುಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಬಾಯಿಗೆ ದನದ ಹಾಲು ಹಾಕಿರುತ್ತಾರೆ. ಅಲ್ಲಿಂದಲೇ ತೊಂದರೆ. ದನದ ಹಾಲಿನ ಸಕ್ಕರೆಯಂಶ ಎಷ್ಟೋ ಕಾಡುಮರಿಗಳಿಗೆ ಜೀರ್ಣವಾಗದೆ ಭೇದಿ ಹಿಡಿಯುತ್ತದೆ.

ಕಣ್ಣು ಬಿಡದ ಕಬ್ಬೆಕ್ಕಿನ ಮರಿಯೊಂದನ್ನು ಉಳಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮೊದಲು ಹಾಲಲ್ಲ, ಬಿಸುಪು. ತಣ್ಣಗಾದ ಮೈಗೆ ಹಾಲು ಹೋದರೆ ಹೊಟ್ಟೆ ಅದನ್ನು ಅರಗಿಸುವುದಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾದ ಮೇಲೆ, ಸೂಜಿ ತೆಗೆದ ಸಿರಿಂಜಿನಲ್ಲಿ ನಾಯಿಮರಿಗಳಿಗೆಂದು ಸಿಗುವ ಹಾಲಿನ ಪುಡಿಯ ದ್ರಾವಣವನ್ನು ಹನಿ ಹನಿಯಾಗಿ ಕೊಡಬೇಕು. ಮನುಷ್ಯರ ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಿ ಮರಿ ಸಾಯುತ್ತದೆ. ಕವುಚಿ ಹಾಕಿ ತಲೆ ಸ್ವಲ್ಪ ಎತ್ತಿ ಹಿಡಿದು ಕುಡಿಸಬೇಕು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ಉಜ್ಜಬೇಕು. ತಾಯಿ ನೆಕ್ಕಿದರಷ್ಟೇ ಮೂತ್ರ ಮಾಡುವ ವಯಸ್ಸು ಅದು. ಎರಡು-ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿಯೂ. ಪ್ರತಿದಿನ ತೂಕ ಮಾಡಿ ಬರೆದಿಡಬೇಕು. ಒಂದು ದಿನ ತೂಕ ಇಳಿದರೆ ಮರುದಿನಕ್ಕೆ ಕಾಯುವಂತಿಲ್ಲ.

ಮರಿ ಉಳಿದು ಆಡತೊಡಗಿದಾಗ ಕೆಲಸದ ಕಷ್ಟದ ಭಾಗ ಬರುತ್ತದೆ. ಮುದ್ದು ಮಾಡಬಾರದು. ಸಾಕಿದವರ ಕೈ ಕಂಡರೆ ಓಡಿಬರುವ ಪ್ರಾಣಿ ಕಾಡಿಗೆ ಹೋದ ಮೇಲೂ ಮನುಷ್ಯರ ಬಳಿಗೆ ಬರುತ್ತದೆ, ನಾಯಿಗೋ ದೊಣ್ಣೆಗೋ ಸಿಗುತ್ತದೆ. ಆದ್ದರಿಂದ ನೋಡಿಕೊಳ್ಳುವವರ ಸಂಖ್ಯೆ ಕಡಿಮೆ ಮಾಡಬೇಕು, ಮಾತು ಕಡಿಮೆ ಮಾಡಬೇಕು, ತನ್ನ ಜಾತಿಯ ಇನ್ನೊಂದು ಮರಿಯಿದ್ದರೆ ಜೊತೆಗೆ ಬಿಡಬೇಕು. ರಾತ್ರಿಯೆಲ್ಲ ಎದ್ದು ಹಾಲು ಕುಡಿಸಿದವರೇ ತಿಂಗಳ ನಂತರ ಅದನ್ನು ತಮ್ಮಿಂದ ದೂರ ಮಾಡಬೇಕು. ಅದಕ್ಕೆ ದೊಡ್ಡ ಮನಸ್ಸು ಬೇಕು.

ಕಾಳಿಂಗದ ಮೊಟ್ಟೆಗಳು

ಪಿಲಿಕುಳದ ಹೆಸರು ದೇಶದ ಮೃಗಾಲಯಗಳ ನಡುವೆ ವಿಶೇಷವಾಗಿ ಕೇಳಿಬಂದದ್ದು ಕಾಳಿಂಗ ಸರ್ಪದಿಂದ. ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಕಾಳಿಂಗದ ಸಂತಾನಾಭಿವೃದ್ಧಿಯ ಹೊಣೆಯನ್ನು ವಹಿಸಿದ್ದು ಪಿಲಿಕುಳಕ್ಕೆ. ನಾಗಬನಗಳ ನಾಡು ಇದು. ಹಾವನ್ನು ಕೊಲ್ಲಬಾರದೆಂಬ ಹಿರಿಯರ ಕಟ್ಟುಪಾಡು ಇಂದಿಗೂ ಎಷ್ಟೋ ಮನೆಗಳಲ್ಲಿ ಉಳಿದಿದೆ. ಅಂಗಳಕ್ಕೆ ಬಂದ ಹಾವನ್ನು ಹೊಡೆಯದೆ ಫೋನು ಮಾಡುವ ಅಭ್ಯಾಸಕ್ಕೆ ಆ ನಂಬಿಕೆಯೂ ಒಂದು ಕಾರಣ.

ಕಾಳಿಂಗವನ್ನು ಸಾಕುವುದು ಸುಲಭದ ಮಾತಲ್ಲ. ಅದರ ಮುಖ್ಯ ಆಹಾರವೇ ಬೇರೆ ಹಾವು. ಜೋಡಿ ಮಾಡುವುದೂ ಅಪಾಯದ ಕೆಲಸ. ಹೊಂದಿಕೆಯಾಗದಿದ್ದರೆ ಗಂಡು ಹೆಣ್ಣನ್ನೇ ಕಚ್ಚಿ ಕೊಲ್ಲಬಹುದು. ಹಾವುಗಳಲ್ಲೇ ಅಪರೂಪವೆಂಬಂತೆ ಹೆಣ್ಣು ಕಾಳಿಂಗ ಒಣ ಎಲೆಗಳನ್ನು ಮೈಯಿಂದ ಗುಡಿಸಿ ಗೂಡು ಕಟ್ಟುತ್ತದೆ, ಸಾಮಾನ್ಯವಾಗಿ 20ರಿಂದ 40 ಮೊಟ್ಟೆಯಿಡುತ್ತದೆ, ಕಾಯುತ್ತದೆ. ಅಂಥ ಗೂಡಿಗೆ ಬೇಕಾದ ಎಲೆರಾಶಿ, ತೇವ, ಕಾವು ಎಲ್ಲವನ್ನೂ ಆವರಣದಲ್ಲಿ ಒದಗಿಸಬೇಕು. ಮೊಟ್ಟೆ ಬೇರೆ ಮಾಡಿದರೆ ಎರಡೂವರೆ-ಮೂರು ತಿಂಗಳು ಉಷ್ಣಾಂಶದ ಮೇಲೆ ಕಣ್ಣಿಟ್ಟಿರಬೇಕು. ಚಿಪ್ಪೊಡೆದು ಬರುವ ಗೇಣುದ್ದಕ್ಕೂ ಮಿಕ್ಕಿದ ಮರಿಗೆ ಹುಟ್ಟುತ್ತಲೇ ವಿಷವಿರುತ್ತದೆ. ಪಿಲಿಕುಳದ ಸಿಬ್ಬಂದಿ ಇದನ್ನೆಲ್ಲ ಕೈಯಾರೆ ಮಾಡಿ ಕಲಿತವರು.

2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಕಾಳಿಂಗದಲ್ಲಿ ನಾಲ್ಕು ಪ್ರಭೇದಗಳಿವೆ ಎಂದು ತೋರಿಸಿ, ಪಶ್ಚಿಮ ಘಟ್ಟದ್ದನ್ನು ‘ಒಫಿಯೋಫೇಗಸ್ ಕಾಳಿಂಗ’ ಎಂದು ಹೆಸರಿಸಿದರು. ನಮ್ಮ ಘಟ್ಟದ ಕಾಳಿಂಗ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಎಂದಾದ ಮೇಲೆ, ಅದರ ಸಾಕಣೆಯ ಅನುಭವವಿರುವ ಜಾಗದ ಹೊಣೆಯೂ ಹೆಚ್ಚಿತು. ಸೀಳುನಾಯಿಗಳ ವಿಷಯದಲ್ಲೂ ಪಿಲಿಕುಳದಲ್ಲಿ ಮರಿಗಳು ಹುಟ್ಟಿ ಬೆಳೆದಿವೆ. ಗುಂಪಾಗಿ ಬಾಳುವ ಆ ಪ್ರಾಣಿಗೆ ಹೆರಿಗೆಯ ಹೊತ್ತಿನಲ್ಲಿ ಏಕಾಂತ ಕೊಡದಿದ್ದರೆ ಮರಿಗಳು ಉಳಿಯುವುದಿಲ್ಲ. ಯಾವಾಗ ಹತ್ತಿರ ಹೋಗಬಾರದು ಎಂದು ತಿಳಿದಿರುವುದೂ ಆರೈಕೆಯೇ.

ಮರಳಿ ಹೋಗಲಾಗದವು

ಆಫ್ರಿಕದ ಚಿಂಪಾಂಜಿಧಾಮಗಳ ಕಥೆಯನ್ನು ಪಿಲಿಕುಳದ ಜೊತೆಗಿಟ್ಟು ನೋಡಿದರೆ ಈ ಕೆಲಸದ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ. ಮಾಂಸಕ್ಕಾಗಿ ತಾಯಿಯನ್ನು ಕೊಂದು ಮರಿಯನ್ನು ಮಾರುವ ದಂಧೆಯಿಂದ ಪಾರಾದ ಚಿಂಪಾಂಜಿಗಳಿಗಾಗಿ 1983ರಲ್ಲಿ ಜಾಂಬಿಯದ ಚಿಂಫುನ್ಶಿ, 1992ರಲ್ಲಿ ಜೇನ್ ಗುಡಾಲ್ ಸಂಸ್ಥೆಯಿಂದ ಕಾಂಗೋದ ಚಿಂಪೂಂಗ, 1995ರಲ್ಲಿ ಬಾಲ ಅಮರಶೇಖರನ್ ಅವರಿಂದ ಸಿಯೆರಾ ಲಿಯೋನಿನ ಟಕುಗಾಮ, 1998ರಲ್ಲಿ ಉಗಾಂಡದ ವಿಕ್ಟೋರಿಯಾ ಸರೋವರದ ನ್ಗಾಂಬ ದ್ವೀಪದಲ್ಲಿ ಆಸರೆಗಳು ಎದ್ದವು. ಚಿಂಪಾಂಜಿಗೆ ಈಜು ಬಾರದು. ಸುಮಾರು 100 ಎಕರೆಯ ಆ ದ್ವೀಪಕ್ಕೆ ಸರೋವರವೇ ಬೇಲಿ. ಹಗಲು ಕಾಡಿನಲ್ಲಿ ಅಲೆದು ಸಂಜೆ ಮನೆಗೆ ಮರಳುವ ಅವಕ್ಕೆ ದಿನಕ್ಕೆ ಹಲವು ಸಲ ಊಟ ಒಯ್ಯಬೇಕು, ಅಷ್ಟು ಚಿಕ್ಕ ಕಾಡಿನ ಹಣ್ಣು ಅವಕ್ಕೆ ಸಾಲದು. ಐದಾರು ವರ್ಷ ತಾಯಿಯ ಬೆನ್ನು ಬಿಡದ ಮರಿಗೆ ತಾಯಿಯಿಲ್ಲದಿದ್ದರೆ ಮನುಷ್ಯರೇ ಹಗಲಿಡೀ ಎತ್ತಿಕೊಂಡಿರಬೇಕು. ಇಲ್ಲವಾದರೆ ಹಾಲು ಕುಡಿದರೂ ಅದು ಸೊರಗುತ್ತದೆ. ಆಶ್ರಯದಲ್ಲಿರುವ ಚಿಂಪಾಂಜಿ ಐವತ್ತು ವರ್ಷ ದಾಟಿ ಬದುಕಬಲ್ಲದು. ಒಂದು ಮರಿಯನ್ನು ಒಳಗೆ ಬಿಟ್ಟುಕೊಂಡ ದಿನ ಸಂಸ್ಥೆ ಅರ್ಧ ಶತಮಾನದ ಮಾತು ಕೊಟ್ಟಂತೆ.

ಇದು ದೂರದ ಕಥೆ ಎನ್ನುವಂತಿಲ್ಲ. ಚಿಂಪಾಂಜಿ ಮೂಲತಃ ನಮ್ಮ ದೇಶದ್ದಲ್ಲ, ಆದರೂ 2019ರಲ್ಲಿ ಜಾರಿ ನಿರ್ದೇಶನಾಲಯ ಕಳ್ಳಸಾಗಣೆಯ ಪ್ರಕರಣವೊಂದರಲ್ಲಿ ಮೂರು ಚಿಂಪಾಂಜಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಅವುಗಳ ಆರೈಕೆ ಕೋಲ್ಕತ್ತದ ಅಲಿಪುರ ಮೃಗಾಲಯದ ಪಾಲಿಗೆ ಬಂತು. ನಮ್ಮ ರಾಜ್ಯದಲ್ಲಿ ದೊಡ್ಡ ವಾನರಗಳ ಆರೈಕೆಯ ಅನುಭವವಿರುವುದು 1892ರಲ್ಲಿ ಶುರುವಾದ ಮೈಸೂರು ಮೃಗಾಲಯಕ್ಕೆ. 2021ರ ಆಗಸ್ಟ್‌ನಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಗೊರಿಲ್ಲಾಗಳು ಬಂದದ್ದು ಅಲ್ಲಿಗೇ. ಬನ್ನೇರುಘಟ್ಟದ ಕರಡಿ ಆಸರೆಗೆ 2009ರ ಡಿಸೆಂಬರ್‌ನಲ್ಲಿ ರಾಜು ಎಂಬ ಕರಡಿ ಬಂತು. ದೇಶದ ರಸ್ತೆಗಳಲ್ಲಿ ಕುಣಿಸಲಾಗುತ್ತಿದ್ದ ಕೊನೆಯ ಕರಡಿ ಎಂದು ಅದನ್ನು ಗುರುತಿಸಲಾಯಿತು. ಮೂಗಿಗೆ ಹಗ್ಗ ಪೋಣಿಸಿ, ಹಲ್ಲು ಕಿತ್ತ ಕರಡಿ ಕಾಡಿಗೆ ಹೋಗಲಾರದು. ಅಲ್ಲಿಯೂ ಉಳಿದ ದಾರಿ ಒಂದೇ, ಬೆಳಗಿನ ಗಂಜಿ, ಸಂಜೆಯ ಹಣ್ಣು, ಆಯುಷ್ಯವಿಡೀ.

ಒಂದೇ ಗಾಳಿ, ಒಂದೇ ಕಾಯಿಲೆ

ಪ್ರಾಣಿಯ ಕಾಯಿಲೆ ಮನುಷ್ಯರಿಗೂ ಮನುಷ್ಯರದ್ದು ಪ್ರಾಣಿಗೂ ಹರಡಬಹುದು ಎಂಬುದನ್ನು ಕರ್ನಾಟಕ ಬೇಗ ಕಲಿಯಿತು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಾದ ಮಂಗನ ಕಾಯಿಲೆ, 1982-83ರಲ್ಲಿ ನಮ್ಮದೇ ಜಿಲ್ಲೆಯ ಬೆಳ್ತಂಗಡಿ ಕಡೆ ಹಲವರ ಜೀವ ತೆಗೆಯಿತು. ಉಣ್ಣೆಯಿಂದ ಹರಡುವ ರೋಗ ಅದು. ಹಾಗಾಗಿ ಕಾಡಿನಿಂದ ಬಂದ ಮಂಗವನ್ನು ನೇರವಾಗಿ ಇತರ ಪ್ರಾಣಿಗಳ ಜೊತೆ ಬಿಡುವಂತಿಲ್ಲ. ಬೇರೆಯಾಗಿಟ್ಟು, ಉಣ್ಣೆ ತೆಗೆದು, ರಕ್ತಪರೀಕ್ಷೆ ಮಾಡಿ ಕಾಯಬೇಕು. ನೆಗಡಿಯಾದ ಕೀಪರ್ ಮಂಗಗಳ ಬಳಿ ಹೋಗಬಾರದು.

2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹುಲಿಗೆ ಕೊರೊನಾ ಸೋಂಕು ತಗಲಿದಾಗ ನಮ್ಮಲ್ಲೂ ಎಚ್ಚರಿಕೆಯ ಸುತ್ತೋಲೆ ಬಂತು. ಆಗ ಮೃಗಾಲಯಗಳ ಗೇಟು ಮುಚ್ಚಿತ್ತು, ಟಿಕೆಟ್ಟಿನ ಆದಾಯ ನಿಂತಿತ್ತು. ಊರೆಲ್ಲ ಮನೆಯೊಳಗಿದ್ದ ಆ ದಿನಗಳಲ್ಲೂ ಪ್ರಾಣಿಗಳಿಗೆ ಹಸಿವಾಗುತ್ತಿತ್ತು. ಮಾಸ್ಕು ಕಟ್ಟಿಕೊಂಡು ಕೆಲಸಕ್ಕೆ ಬಂದವರು ಇದೇ ಕೀಪರ್‌ಗಳು, ವೈದ್ಯರು, ಕಾವಲುಗಾರರು.

ಓದುಗರಲ್ಲಿ ಕೋರಿಕೆ

ಪಿಲಿಕುಳ ಇಂದು ದೊಡ್ಡ ಸಂಸ್ಥೆ. ಹೊಸ ಪ್ರಾಣಿ, ಹೊಸ ಕಟ್ಟಡಗಳ ಬೇಡಿಕೆ ಬರುತ್ತಲೇ ಇರುತ್ತದೆ. ಮುಂದಿನ ದಶಕದಲ್ಲಿ ಸಂಸ್ಥೆಯ ಹೆಮ್ಮೆಯನ್ನು ಅಳೆಯಬೇಕಾದದ್ದು ಎಷ್ಟು ಜಾತಿಯ ಪ್ರಾಣಿ ತಂದೆವು ಎಂಬುದರಿಂದಲ್ಲ. ಇದ್ದವನ್ನು ಎಷ್ಟು ಚೆನ್ನಾಗಿ ನೋಡಿಕೊಂಡೆವು, ಎಷ್ಟನ್ನು ಕಾಡಿಗೆ ಮರಳಿಸಿದೆವು ಎಂಬುದರಿಂದ. ಅದಕ್ಕೆ ಕೀಪರ್‌ಗೆ ಉದ್ಯೋಗ ಭದ್ರತೆ, ಸರಿಯಾದ ಸಂಬಳ, ತರಬೇತಿ, ನಿಯಮಿತ ಆರೋಗ್ಯ ತಪಾಸಣೆ ಸಿಗಬೇಕು. ಹತ್ತು ವರ್ಷದ ಅನುಭವವಿರುವ ಕೀಪರ್ ಕೆಲಸ ಬಿಟ್ಟು ಹೋದರೆ ಆ ನಷ್ಟವನ್ನು ಯಾವ ಯಂತ್ರವೂ ತುಂಬಿಕೊಡದು.

ಊರವರಾದ ನಾವು ಮಾಡಬಹುದಾದದ್ದೂ ಬೇಕಷ್ಟಿದೆ. ತೋಟದ ಬಾವಿಗೆ ಕಟ್ಟೆ ಕಟ್ಟೋಣ. ಹಂದಿಯ ಉರುಳು ಇಡುವುದನ್ನು ಬಿಡೋಣ, ನೆರೆಯವರು ಇಟ್ಟರೆ ತಿಳಿಹೇಳೋಣ. ಕಾಡುಪ್ರಾಣಿಯ ಮರಿ ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಸರ್ಕಾರದ ಸೊತ್ತು, 48 ಗಂಟೆಯೊಳಗೆ ಅಧಿಕಾರಿಗಳಿಗೋ ಪೊಲೀಸರಿಗೋ ತಿಳಿಸಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926. ಚಿರತೆ ಬಾವಿಗೆ ಬಿದ್ದಿದೆಯೆಂದು ತಿಳಿದರೆ ನೋಡಲು ಓಡದೆ ದಾರಿ ಬಿಡೋಣ. ಮೃಗಾಲಯಕ್ಕೆ ಹೋದಾಗ ಪ್ರಾಣಿಗಳಿಗೆ ಚಕ್ಕುಲಿ, ಬಿಸ್ಕೆಟ್ ಎಸೆಯದಿರೋಣ. ಅವುಗಳ ಪೊಟ್ಟಣದ ಪ್ಲಾಸ್ಟಿಕ್ ನುಂಗಿದ ಜಿಂಕೆ ಸಾಯುವುದು ಬಹಳ ನೋವುಂಡು.

ಮಕ್ಕಳ ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಒಂದು ಪ್ರಾಣಿಯ ಆಹಾರದ ಖರ್ಚನ್ನು ವಹಿಸಿಕೊಳ್ಳುವ ದತ್ತು ಯೋಜನೆ ಪಿಲಿಕುಳದಲ್ಲಿದೆ. ಹುಲಿ, ಸಿಂಹಗಳಿಗೆ ದಾನಿಗಳು ಬೇಗ ಸಿಗುತ್ತಾರೆ. ಕತ್ತೆಕಿರುಬ, ಕಬ್ಬೆಕ್ಕು, ಮುಳ್ಳುಹಂದಿ, ಗೂಬೆಗಳ ಕಡೆಗೂ ಒಮ್ಮೆ ನೋಡಿ. ಅವುಗಳಿಗೂ ದಿನಾ ಹಸಿವಾಗುತ್ತದೆ, ಅವುಗಳ ಊಟಕ್ಕೂ ದುಡ್ಡು ಬೇಕು.